ಗೆದ್ದ ರಾತ್ರಿಯ ಲೆಕ್ಕ

2023ರ ಜನವರಿ 19, ಗುರುವಾರ ರಾತ್ರಿ. ಭುವನೇಶ್ವರದ ಕಳಿಂಗ ಸ್ಟೇಡಿಯಂನಿಂದ ಜನ ಹೊರಗೆ ಬರುತ್ತಿದ್ದರು. ವಿಶ್ವಕಪ್ ಹಾಕಿಯಲ್ಲಿ ಭಾರತ ಆಗಷ್ಟೇ ವೇಲ್ಸ್ ತಂಡವನ್ನು 4-2ರಿಂದ ಸೋಲಿಸಿತ್ತು. ಕೆನ್ನೆಗೆ ಬಾವುಟದ ಬಣ್ಣ ಬಳಿದುಕೊಂಡ ಮಕ್ಕಳು ಅಪ್ಪಂದಿರ ಹೆಗಲ ಮೇಲೆ ಕೂತಿದ್ದರು. ಒಬ್ಬ ಹುಡುಗ ಇನ್ನೂ ಪೀಪಿ ಊದುತ್ತಲೇ ಇದ್ದ. ಆದರೆ ದೊಡ್ಡವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ನಮ್ಮ ಮುಂದೆ ನಡೆಯುತ್ತಿದ್ದ ನಾಲ್ಕೈದು ಜನ ಒಡಿಯಾದಲ್ಲಿ ಜೋರಾಗಿ ಮಾತಾಡುತ್ತಿದ್ದರು. ಮಾತು ಅರ್ಥವಾಗಲಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. ನಾವು ಮೂವರೂ ಅದನ್ನೇ ಮಾಡುತ್ತಿದ್ದೆವು.

ಎಣಿಸೋಕೆ ಕಾರಣ ಇತ್ತು. ಆ ಸಲದ ವಿಶ್ವಕಪ್‌ನಲ್ಲಿ ಗುಂಪಿನಲ್ಲಿ ಮೊದಲು ಬಂದವರು ನೇರ ಕ್ವಾರ್ಟರ್‌ಫೈನಲ್‌ಗೆ. ಎರಡು ಮತ್ತು ಮೂರನೇ ಸ್ಥಾನದವರು ಇನ್ನೊಂದು ಪಂದ್ಯ ಆಡಬೇಕು, ಅದಕ್ಕೆ ಕ್ರಾಸ್‌ಓವರ್ ಅಂತ ಹೆಸರು. ನಮ್ಮದು ಡಿ ಗುಂಪು. ಅದೇ ದಿನ ಸಂಜೆ ಇಂಗ್ಲೆಂಡ್ ತಂಡ ಸ್ಪೇನ್ ಮೇಲೆ 4-0ಯಿಂದ ಗೆದ್ದಿತ್ತು. ಹಾಗಾಗಿ ಇಂಗ್ಲೆಂಡನ್ನು ದಾಟಿ ಮೊದಲ ಸ್ಥಾನಕ್ಕೆ ಹೋಗಬೇಕು ಅಂದ್ರೆ ವೇಲ್ಸ್ ಮೇಲೆ 8 ಗೋಲುಗಳ ಅಂತರ ಬೇಕಿತ್ತು. ಸಿಕ್ಕಿದ್ದು 2. ಅಂದರೆ ಭಾನುವಾರ ನ್ಯೂಜಿಲೆಂಡ್ ಜೊತೆ ಕ್ರಾಸ್‌ಓವರ್.

ಭಾರತದ ಹಾಕಿ ಪಂದ್ಯಗಳನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಸೋತ ಪಂದ್ಯಗಳ ಬಗ್ಗೆ ಮಾತಾಡಿ ಮಾತಾಡಿ ಗಂಟಲು ಒಣಗಿಸಿಕೊಂಡಿದ್ದೇನೆ. ಆದರೆ ಮನಸ್ಸಿನಲ್ಲಿ ಹೆಚ್ಚು ಸಲ ತಿರುಗಿ ಬರುವುದು ಈ ಗೆದ್ದ ಪಂದ್ಯ. ಮೂರು ದಿನದ ನಂತರ ಏನಾಗಲಿತ್ತು ಅನ್ನುವುದೆಲ್ಲ ಆ 60 ನಿಮಿಷದಲ್ಲೇ ಇತ್ತು. ನಾವು ಅಲ್ಲೇ ಕೂತಿದ್ದೆವು, ನಮ್ಮ ಕಣ್ಣೆದುರೇ ಇತ್ತು. ಗೆದ್ದೆವು ಅನ್ನುವ ಒಂದೇ ಕಾರಣಕ್ಕೆ ಅದನ್ನು ಬಿಡಿಸಿ ನೋಡಲಿಲ್ಲ.

ವೇಲ್ಸ್‌ಗಿಂತ ಮೊದಲಿನ ಎರಡು ಪಂದ್ಯಗಳ ಬಗ್ಗೆ ಸ್ವಲ್ಪ ಹೇಳಬೇಕು. ಎರಡೂ ನಡೆದದ್ದು ರೂರ್‌ಕೆಲಾದಲ್ಲಿ, ಹೊಸದಾಗಿ ಕಟ್ಟಿದ ಬಿರ್ಸಾ ಮುಂಡಾ ಸ್ಟೇಡಿಯಂನಲ್ಲಿ. 20 ಸಾವಿರ ಜನ ಕೂರುವ ಜಾಗ ಅದು. ಅಲ್ಲಿ ಸ್ಪೇನ್ ಮೇಲೆ 2-0ಯಿಂದ ಗೆದ್ದೆವು. ಅಮಿತ್ ರೋಹಿದಾಸ್ ಒಂದು ಗೋಲು, ಹಾರ್ದಿಕ್ ಸಿಂಗ್ ಒಂದು. ಹಾರ್ದಿಕ್ ಎಡಗಡೆಯಿಂದ ಒಬ್ಬನೇ ಚೆಂಡು ಎತ್ತಿಕೊಂಡು ಹೋಗಿ ಹೊಡೆದ ಆ ಗೋಲನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಂಗ್ಲೆಂಡ್ ಜೊತೆ 0-0. ಅದೇ ಪಂದ್ಯದಲ್ಲಿ ಹಾರ್ದಿಕ್‌ಗೆ ತೊಡೆಯ ಹಿಂಭಾಗದ ಸ್ನಾಯು ಎಳೆಯಿತು. ಅಲ್ಲಿಗೆ ಎರಡು ಪಂದ್ಯ ಮುಗಿದಿತ್ತು, ನಾವು ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. 'ಈ ಸಲ ಡಿಫೆನ್ಸ್ ಗಟ್ಟಿ ಇದೆ' ಅಂತ ಎಲ್ಲ ಕಡೆ ಮಾತು. ನಾನೂ ಹಾಗೇ ಅಂದುಕೊಂಡು ರೈಲು ಹತ್ತಿದ್ದೆ.

ವೇಲ್ಸ್‌ಗೆ ಅದು ಮೊದಲ ವಿಶ್ವಕಪ್. ನಮ್ಮ ಸುತ್ತ ಕೂತಿದ್ದ ಯಾರಿಗೂ ಗೆಲುವಿನ ಬಗ್ಗೆ ಅನುಮಾನವಿರಲಿಲ್ಲ. ಎಂಟಾಗುತ್ತಾ, ಆಗಲ್ವಾ, ಇಷ್ಟೇ ಪ್ರಶ್ನೆ. ಮೊದಲ ಕ್ವಾರ್ಟರ್, ಅಂದರೆ ಮೊದಲ 15 ನಿಮಿಷ, ಗೋಲಿಲ್ಲದೆ ಮುಗಿದಾಗಲೇ ಜನ ಚಡಪಡಿಸತೊಡಗಿದರು. 21ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್. ನಮ್ಮ ನಾಯಕ ಹರ್ಮನ್‌ಪ್ರೀತ್ ಸಿಂಗ್ ಹೊಡೆದ ಚೆಂಡು ತಡೆದವರಿಗೆ ಬಡಿದು ವಾಪಸ್ ಬಂತು. ಅಲ್ಲೇ ನಿಂತಿದ್ದ ಶಂಶೇರ್ ಸಿಂಗ್ ಅದನ್ನು ಒಳಗೆ ಹೊಡೆದ. 1-0. ನನ್ನ ಹಿಂದಿನ ಸಾಲಿನಿಂದ ತಕ್ಷಣ ಕೂಗು: 'ಇನ್ನು ಏಳು!' 32ನೇ ನಿಮಿಷದಲ್ಲಿ ಆಕಾಶ್‌ದೀಪ್ ಸಿಂಗ್. 2-0. 'ಇನ್ನು ಆರು!'

ಆ ಕೂಗಿನಲ್ಲಿ ನನ್ನ ದನಿಯೂ ಇತ್ತು. ಇದನ್ನು ಬರೆಯಲೇಬೇಕು.

ಎರಡು ಗೋಲು ಮುಂದಿದ್ದಾಗ ಒಂದು ತಂಡ ಸಾಮಾನ್ಯವಾಗಿ ಏನು ಮಾಡುತ್ತದೆ? ಚೆಂಡನ್ನು ಹಿಂದೆ ಆಡಿಸುತ್ತದೆ. ಎದುರಾಳಿಯನ್ನು ಓಡಿಸುತ್ತದೆ. ಜಾಗ ಸಿಕ್ಕಾಗ ಮಾತ್ರ ಮುಂದೆ ಹೋಗುತ್ತದೆ. ಆ ದಿನ ನಮ್ಮವರು ಚೆಂಡನ್ನು ಹಿಂದಕ್ಕೆ ಕೊಟ್ಟಾಗಲೆಲ್ಲ ಸ್ಟ್ಯಾಂಡಿನಿಂದ 'ಓಹ್' ಅಂತ ಒಂದು ದೊಡ್ಡ ನಿಟ್ಟುಸಿರು ಬರುತ್ತಿತ್ತು. ಮುಂದಕ್ಕೆ ಹೊಡೆದಾಗ, ಅದು ಯಾರ ಕೋಲಿಗೂ ಸಿಗದೆ ಹೊರಗೆ ಹೋದರೂ, ಚಪ್ಪಾಳೆ. ಟರ್ಫಿನ ಮೇಲಿರುವವನಿಗೆ ಅದು ಕೇಳಿಸದೇ ಇರುತ್ತದಾ? ತವರಿನ ಜನರ ಬಲ ಅಂತ ಹೇಳುತ್ತೇವಲ್ಲ, ಆ ಬಲಕ್ಕೆ ತೂಕವೂ ಇದೆ. ನಮಗೆ ಎಂಟು ಬೇಕಿತ್ತು. ತಂಡಕ್ಕೆ ಮೊದಲು ಬೇಕಿದ್ದದ್ದು ಸಮಾಧಾನದ ಆಟ.

42ನೇ ನಿಮಿಷ. ವೇಲ್ಸ್‌ಗೆ ಪೆನಾಲ್ಟಿ ಕಾರ್ನರ್.

ಹಾಕಿಯನ್ನು ಅಪರೂಪಕ್ಕೆ ನೋಡುವವರಿಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪೆನಾಲ್ಟಿ ಕಾರ್ನರ್ ಕೊಟ್ಟ ಕೂಡಲೇ ತಡೆಯುವ ತಂಡದ ಐದೇ ಜನ ಉಳಿಯುತ್ತಾರೆ, ಗೋಲ್‌ಕೀಪರ್ ಸೇರಿ. ಮಿಕ್ಕವರೆಲ್ಲ ಮೈದಾನದ ಮಧ್ಯದ ಗೆರೆಯಾಚೆ ಹೋಗಿ ನಿಲ್ಲಬೇಕು. ಈ ಐವರು ಗೋಲಿನ ಗೆರೆಯ ಹಿಂದೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಬಗ್ಗಿ ಕಾಯುತ್ತಾರೆ. ಎದುರಾಳಿ ಗೋಲುಕಂಬದಿಂದ 10 ಮೀಟರ್ ದೂರದಲ್ಲಿ, ಹಿಂದಿನ ಗೆರೆಯ ಮೇಲೆ ಚೆಂಡಿಟ್ಟು ತಳ್ಳುತ್ತಾನೆ. ಗೋಲಿನ ಮುಂದೆ ಬಳಿದಿರುವ ಅರ್ಧವೃತ್ತಕ್ಕೆ ಸರ್ಕಲ್ ಅಂತ ಹೆಸರು. ಅದರ ಹೊರಗೆ ಒಬ್ಬ ಚೆಂಡನ್ನು ನಿಲ್ಲಿಸುತ್ತಾನೆ. ಇನ್ನೊಬ್ಬ ಎಳೆದು ಎಸೆಯುತ್ತಾನೆ. ಅದೇ ಡ್ರ್ಯಾಗ್ ಫ್ಲಿಕ್. ಚೆಂಡು ಗೆರೆ ಬಿಟ್ಟ ಕ್ಷಣವೇ ಒಬ್ಬ ಡಿಫೆಂಡರ್ ಎದೆ ಕೊಟ್ಟು ಎದುರಿಗೆ ಓಡಬೇಕು. ಅವನ ಮೊದಲ ಎರಡು ಹೆಜ್ಜೆ ತಡವಾದರೆ ಎಸೆಯುವವನಿಗೆ ಗೋಲು ಪೂರ್ತಿ ಕಾಣುತ್ತದೆ. ಎಲ್ಲ ಸೇರಿ ಕಣ್ಣು ಮಿಟುಕಿಸುವಷ್ಟು ಹೊತ್ತು. ಸುಸ್ತಾದ ಕಾಲು ಮೊದಲು ಗೊತ್ತಾಗುವುದು ಇಲ್ಲೇ.

ಗ್ಯಾರೆತ್ ಫರ್ಲಾಂಗ್ ಎಳೆದು ಎಸೆದ. 2-1. ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ನಮ್ಮ ಸಾಲಿನವರೆಗೂ ಕೇಳಿಸಿತು. ತುಂಬಿದ ಸ್ಟೇಡಿಯಂನಲ್ಲಿ ಆ ಸದ್ದು ಕೇಳಿಸಬೇಕಾದರೆ ಜನ ಎಷ್ಟು ಸುಮ್ಮನಾಗಿರಬೇಕು ಯೋಚಿಸಿ. 44ನೇ ನಿಮಿಷದಲ್ಲಿ ಮತ್ತೆ ಪೆನಾಲ್ಟಿ ಕಾರ್ನರ್. ಈ ಸಲ ಜೇಕಬ್ ಡ್ರೇಪರ್. 2-2. ಎರಡು ಪಂದ್ಯದ 120 ನಿಮಿಷ ಒಂದೂ ಗೋಲು ಬಿಡದ ತಂಡ ಮೂರು ನಿಮಿಷದೊಳಗೆ ಎರಡು ಬಿಟ್ಟಿತು.

ಅಲ್ಲಿಂದ ಎಂಟರ ಲೆಕ್ಕ ಯಾರ ಬಾಯಲ್ಲೂ ಬರಲಿಲ್ಲ. 45ನೇ ನಿಮಿಷದಲ್ಲಿ ಆಕಾಶ್‌ದೀಪ್ ಮತ್ತೊಂದು ಹೊಡೆದು 3-2 ಮಾಡಿದ. 59ರಲ್ಲಿ ಹರ್ಮನ್‌ಪ್ರೀತ್ 4-2 ಮಾಡಿದ. ಮಾರನೆಯ ದಿನ ಪೇಪರಿನಲ್ಲಿ ನೋಡುವವರಿಗೆ 4-2 ಅಂದರೆ ಆರಾಮದ ಗೆಲುವು. ಅಲ್ಲಿದ್ದವರಿಗೆ ಗೊತ್ತು, 58ನೇ ನಿಮಿಷದವರೆಗೂ ಒಂದೇ ಗೋಲಿನ ಅಂತರದಲ್ಲಿ ಉಸಿರು ಬಿಗಿ ಹಿಡಿದು ಕೂತಿದ್ದೆವು.

ಆ ರಾತ್ರಿ ಲಾಡ್ಜಿನ ರೂಮಿನಲ್ಲಿ ನಮ್ಮ ಮೂವರದ್ದೂ ಮೂರು ವಾದ. ಒಬ್ಬ ಗೆಳೆಯ ಶೂ ಬಿಚ್ಚುತ್ತಾ, 'ಗೆದ್ದಿದೀವಿ ತಾನೇ? ಗುಂಪಿನಲ್ಲಿ ಒಂದೂ ಸೋತಿಲ್ಲ. ಇನ್ನೇನು ಬೇಕು?' ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಇನ್ನೊಬ್ಬನಿಗೆ ಪೆನಾಲ್ಟಿ ಕಾರ್ನರ್‌ಗಳದ್ದೇ ಸಂಕಟ. 'ನಮ್ಮ ಕಾರ್ನರ್ ಹೋಗ್ತಿಲ್ಲ, ಹರ್ಮನ್‌ಗೆ ಏನಾಗಿದೆ?' ಅಂತ ಮಂಚದ ಮೇಲೆ ಕೂತು ಅದನ್ನೇ ಹೇಳುತ್ತಿದ್ದ. ನನ್ನ ವಾದ ಹಾರ್ದಿಕ್ ಬಗ್ಗೆ. ಅವನು ಇದ್ದಿದ್ದರೆ ಮಧ್ಯದಲ್ಲಿ ಚೆಂಡು ಅಷ್ಟು ಸುಲಭವಾಗಿ ಕೈಬಿಡುತ್ತಿರಲಿಲ್ಲ ಅಂತ. ಈಗ ಯೋಚಿಸಿದರೆ ಮೂವರೂ ನಮ್ಮ ಗೋಲುಗಳ ಬಗ್ಗೆ, ನಮಗೆ ಸಿಗದೇ ಹೋದ ಗೋಲುಗಳ ಬಗ್ಗೆ ಮಾತಾಡುತ್ತಿದ್ದೆವು. ಆ ಮೂರು ನಿಮಿಷದ ಬಗ್ಗೆ ಯಾರೂ ಮಾತಾಡಲಿಲ್ಲ.

ಮಾತಾಡಿದ್ದು ದೊಡ್ಡಪ್ಪ.

ದೊಡ್ಡಪ್ಪ ವಯಸ್ಸಿನಲ್ಲಿ ಒಂದು ಬ್ಯಾಂಕಿನ ತಂಡಕ್ಕೆ ರೈಟ್ ಹಾಫ್, ಅಂದರೆ ಡಿಫೆನ್ಸ್‌ಗೂ ಮುಂದಿನ ಸಾಲಿಗೂ ನಡುವೆ ಬಲಗಡೆ, ಆಡಿದವರು. ಅವರ ಕಾಲದಲ್ಲಿ ಹುಲ್ಲಿನ ಮೈದಾನ. ಚೆಂಡು ಎಲ್ಲಿ ಪುಟಿಯುತ್ತದೆ ಅಂತ ದೇವರಿಗೇ ಗೊತ್ತು ಅನ್ನುತ್ತಾರೆ. 1975ರ ವಿಶ್ವಕಪ್ ಗೆದ್ದ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು ಅನ್ನುವುದನ್ನು ನನಗೆ ಮೊದಲು ಹೇಳಿದ್ದು ಅವರೇ. ಹಾಫ್‌ಬ್ಯಾಕ್ ಆಡಿದವರ ಕಣ್ಣೇ ಬೇರೆ. ಚಿಕ್ಕವನಿದ್ದಾಗ ಅವರ ಜೊತೆ ಟಿವಿ ಮುಂದೆ ಕೂತರೆ, 'ಚೆಂಡಿನ ಹಿಂದೆ ಕಣ್ಣು ಓಡಿಸಬೇಡ ಕಣೋ. ಚೆಂಡು ಇಲ್ಲದವನ ಕಾಲು ನೋಡು' ಅನ್ನುತ್ತಿದ್ದರು. ಆಗ ನನಗೆ ಬೇಜಾರಾಗುತ್ತಿತ್ತು. ಚೆಂಡು ಬಿಟ್ಟು ಏನನ್ನು ನೋಡೋದು?

ಆ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿದರು.

'ಏನೋ, ಗೆದ್ದು ಬಂದ್ರಾ?'

'ಗೆದ್ವಿ ದೊಡ್ಡಪ್ಪ. ಎಂಟು ಆಗಲಿಲ್ಲ ನೋಡಿ.'

'ಎಂಟು ಬಿಡು. ಮೂರನೇ ಕ್ವಾರ್ಟರ್ ಕೊನೆಯಲ್ಲಿ ಏನಾಯ್ತು? ನೀನು ಅಲ್ಲೇ ಇದ್ದೆಯಲ್ಲ. ಟಿವಿಯಲ್ಲಿ ನನಗೆ ಮೈದಾನ ಪೂರ್ತಿ ಕಾಣಲ್ಲ. ಚೆಂಡು ಕಳೆದಾಗ ನಮ್ಮ ಹಾಫ್‌ಗಳು ಎಲ್ಲಿದ್ರು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೈದಾನ ಪೂರ್ತಿ ಕಾಣುವ ಜಾಗದಲ್ಲಿ ಕೂತಿದ್ದೆ. ನೋಡಿದ್ದು ಸ್ಕೋರ್‌ಬೋರ್ಡ್. 'ಸರಿ ಬಿಡು, ಭಾನುವಾರ ಗೊತ್ತಾಗುತ್ತೆ' ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಂತೆ ಇತ್ತು.

ಭಾನುವಾರ ಗೊತ್ತಾಯಿತು. ಅಷ್ಟು ಹೊತ್ತಿಗೆ ನಾವು ಬೆಂಗಳೂರಿಗೆ ವಾಪಸಾಗಿದ್ದೆವು. ಪಂದ್ಯವನ್ನು ದೊಡ್ಡಪ್ಪನ ಮನೆಯಲ್ಲೇ ನೋಡಿದೆ. ಲಲಿತ್ ಉಪಾಧ್ಯಾಯ, ಆಮೇಲೆ ಸುಖ್‌ಜೀತ್. 24ನೇ ನಿಮಿಷಕ್ಕೆ ನಾವು 2-0 ಮುಂದೆ. ನ್ಯೂಜಿಲೆಂಡ್ 28ರಲ್ಲಿ ಒಂದು ಹೊಡೆಯಿತು. 40ರಲ್ಲಿ ವರುಣ್ ಕುಮಾರ್ ನಮಗೆ ಮೂರನೆಯದ್ದು ತಂದುಕೊಟ್ಟ. 3-1. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ದೊಡ್ಡಪ್ಪ ಅಲ್ಲಾಡಲಿಲ್ಲ. ಗಡಿಯಾರದ ಕಡೆ ಕೈ ತೋರಿಸಿ, 'ಈಗ ನೋಡು' ಅಂದರು.

43ನೇ ನಿಮಿಷ, ಪೆನಾಲ್ಟಿ ಕಾರ್ನರ್, ಕೇನ್ ರಸೆಲ್, 3-2. 49ನೇ ನಿಮಿಷ, ಮತ್ತೆ ಪೆನಾಲ್ಟಿ ಕಾರ್ನರ್, ಶಾನ್ ಫಿಂಡ್ಲೇ, 3-3. ವೇಲ್ಸ್ ಎದುರು 42 ಮತ್ತು 44. ಇಲ್ಲಿ 43 ಮತ್ತು 49. ಹೆಚ್ಚೂಕಡಿಮೆ ಅದೇ ಹೊತ್ತು, ಅದೇ ದಾರಿ. ಆಮೇಲೆ ಶೂಟೌಟ್. 23 ಮೀಟರ್ ಗೆರೆಯಿಂದ ಒಬ್ಬನೇ ಚೆಂಡು ತರಬೇಕು, ಕೈಯಲ್ಲಿ 8 ಸೆಕೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಗಾಯ ಮಾಡಿಕೊಂಡು ಹೊರಗೆ ಬಂದರು, ಕೃಷ್ಣ ಪಾಠಕ್ ಒಳಗೆ ಹೋದರು. 4-5ರಿಂದ ಸೋತೆವು. ಸ್ವಂತ ನೆಲದ ವಿಶ್ವಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ಕೂಡ ಮುಟ್ಟಲಿಲ್ಲ.

ಶೂಟೌಟ್‌ನಲ್ಲಿ ತಪ್ಪಿದವರನ್ನು ಆ ವಾರವೆಲ್ಲ ಜನ ಬೈದರು. ನನಗೆ ಅದು ಅನ್ಯಾಯ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆ ಪಂದ್ಯ ಶೂಟೌಟಿಗೆ ಹೋಗಲೇಬಾರದಿತ್ತು. ಎರಡು ಗೋಲು ಮುಂದಿದ್ದ ತಂಡ ಅದು. ಮೂರು ದಿನ ಮೊದಲೂ ಎರಡು ಗೋಲು ಮುಂದಿದ್ದು ಹಾಗೇ ಕೈಬಿಟ್ಟಿತ್ತು. ಆಗ ಗೆದ್ದಿತ್ತು, ಅದಕ್ಕೆ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. ಸೋತ ಮೇಲೆ 9ರಿಂದ 16ನೇ ಸ್ಥಾನದ ಪಂದ್ಯಗಳು ರೂರ್‌ಕೆಲಾದಲ್ಲಿ ನಡೆದವು. ಜಪಾನ್ ಮೇಲೆ 8-0. ದಕ್ಷಿಣ ಆಫ್ರಿಕಾ ಮೇಲೆ 5-2. ವೇಲ್ಸ್ ಎದುರು ನಾವು ಗಂಟಲು ಹರಿಯುವಂತೆ ಕೇಳಿದ್ದ ಎಂಟರ ಅಂತರ ಒಂದೇ ವಾರದಲ್ಲಿ ಬಂತು. ಅರ್ಜೆಂಟೀನಾ ಜೊತೆ ಜಂಟಿ 9ನೇ ಸ್ಥಾನಕ್ಕೆ ಮಾತ್ರ ಅದು ಸಾಕಾಯಿತು. 8-0 ನೋಡುವಾಗ ನನಗೆ ಖುಷಿಯಾಗಲಿಲ್ಲ ಅಂದರೆ ತಪ್ಪಾಗುತ್ತದೆ. ಆಯಿತು. ಆದರೆ ಪ್ರತಿ ಗೋಲಿಗೂ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗೆ.

ವಿಶ್ವಕಪ್ ಮುಗಿದ ಮೇಲೆ ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟರು. ಟೋಕಿಯೊದಲ್ಲಿ 41 ವರ್ಷದ ನಂತರ ಒಲಿಂಪಿಕ್ ಪದಕ ತಂದುಕೊಟ್ಟ ಕೋಚ್ ಅವರು. ಅದನ್ನು ಮರೆಯಬಾರದು. ಅವರ ಜಾಗಕ್ಕೆ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಬಂದರು. ಗೆಲ್ಲಬೇಕಾದರೆ ಮೊದಲು ತಡೆಯೋದು ಕಲಿಯಬೇಕು ಅನ್ನೋದು ಅವರ ಆಟದ ತಳಹದಿ. ದೊಡ್ಡಪ್ಪನಿಗೆ ಆ ಮಾತು ಕೇಳಿಯೇ ಅರ್ಧ ನೆಮ್ಮದಿ.

ನಾನೂ ನೋಡುವ ರೀತಿ ಬದಲಿಸಿಕೊಂಡೆ. ಪಂದ್ಯಕ್ಕೆ ಹೋಗುವಾಗ ಈಗ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ಪುಟದ ಮಧ್ಯೆ ಒಂದು ಗೆರೆ. ನಾವು ಎದುರಾಳಿಯ ಸರ್ಕಲ್ ಒಳಗೆ ಹೋದಾಗ ಎಡಗಡೆ ಒಂದು ಗೀಟು, ಅವರು ನಮ್ಮ ಸರ್ಕಲ್‌ಗೆ ಬಂದಾಗ ಬಲಗಡೆ ಒಂದು ಗೀಟು. ಪೆನಾಲ್ಟಿ ಕಾರ್ನರ್ ಆದರೆ ಗೀಟಿನ ಸುತ್ತ ಸೊನ್ನೆ. ನಮ್ಮ ಅರ್ಧದಲ್ಲಿ ನಾವೇ ಚೆಂಡು ಕಳೆದುಕೊಂಡರೆ ಕೆಳಗೆ ಒಂದು ಚುಕ್ಕೆ. ಗೋಲು ಬರೆಯುವುದಿಲ್ಲ, ಅದು ಹೇಗೂ ನೆನಪಿರುತ್ತದೆ. ಪ್ರತಿ ಕ್ವಾರ್ಟರ್‌ಗೂ ಒಂದು ಪುಟ. ಪಂದ್ಯ ಮುಗಿದ ಮೇಲೆ ನಾಲ್ಕು ಪುಟ ಪಕ್ಕಪಕ್ಕ ಇಟ್ಟು ನೋಡಿದರೆ ಆಟದ ಆಕಾರವೇ ಬೇರೆ ಕಾಣುತ್ತದೆ. ಕೆಲವು ಸಲ ನಾವು ಚೆನ್ನಾಗಿ ಆಡಿದೆವು ಅಂದುಕೊಂಡ ಕ್ವಾರ್ಟರ್‌ನ ಪುಟದ ತುಂಬ ಬರೀ ಚುಕ್ಕೆ. ನಿದ್ದೆ ಬರುವ ಹಾಗಿದ್ದ ಕ್ವಾರ್ಟರ್‌ನ ಬಲಗಡೆ ಖಾಲಿ. ಆ ಖಾಲಿ ಜಾಗ ನೋಡಿದಾಗ ನನಗೆ ಒಂದು ಗೋಲು ನೋಡಿದಷ್ಟೇ ಖುಷಿ.

ಮೂರನೇ ಕ್ವಾರ್ಟರ್‌ನ ಕೊನೆಯನ್ನು ಮಾತ್ರ ನಾನು ಬರೆಯದೆ ಬರೀ ಕಣ್ಣಿಟ್ಟು ನೋಡುತ್ತೇನೆ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಆದರೂ 40 ನಿಮಿಷ ದಾಟಿದ ಮೇಲೆ ಓಟದಲ್ಲಿ ಅರ್ಧ ಹೆಜ್ಜೆ ಕಡಿಮೆಯಾಗುತ್ತದೆ. ಬೆಂಚಿನಿಂದ ಬಂದವನು ಆಟಕ್ಕೆ ಹೊಂದಿಕೊಳ್ಳುತ್ತಿರುತ್ತಾನೆ. ಕ್ವಾರ್ಟರ್ ಮುಗಿಸುವ ಹೂಟರ್ ಹತ್ತಿರ ಬಂತು ಅಂತ ಮನಸ್ಸು ಸ್ವಲ್ಪ ಸಡಿಲವಾಗುತ್ತದೆ. ಇದು ನನ್ನ ಅಂದಾಜು, ನಾನು ಕೋಚ್ ಅಲ್ಲ. ಆದರೆ ಆ ಜನವರಿಯಲ್ಲಿ ಎರಡು ಸಲ ಕಣ್ಣಾರೆ ಕಂಡಿದ್ದೇನೆ.

ಆಗಸ್ಟ್‌ನಲ್ಲಿ ಚೆನ್ನೈಗೆ ಹೋದೆವು. ಏಷ್ಯನ್ ಚಾಂಪಿಯನ್ಸ್ ಟ್ರೋಫಿ, ಎಗ್ಮೋರ್‌ನ ಮೇಯರ್ ರಾಧಾಕೃಷ್ಣನ್ ಸ್ಟೇಡಿಯಂ. ಆ ಟೂರ್ನಿಯಲ್ಲಿ ನಮ್ಮವರು ಚೆನ್ನಾಗಿಯೇ ಆಡಿದ್ದರು. ಪಾಕಿಸ್ತಾನದ ಮೇಲೆ 4-0, ಸೆಮಿಫೈನಲ್‌ನಲ್ಲಿ ಜಪಾನ್ ಮೇಲೆ 5-0. ಫೈನಲ್ ಮಲೇಷ್ಯಾ ಜೊತೆ. ಅದೇ ಮಲೇಷ್ಯಾವನ್ನು ಲೀಗ್‌ನಲ್ಲಿ 5-0ಯಿಂದ ಸೋಲಿಸಿದ್ದೆವು. ತಮಿಳುನಾಡಿನದೇ ಹುಡುಗ ಕಾರ್ತಿ ಸೆಲ್ವಂ ಆ ದಿನ ಮೊದಲ ಗೋಲು ಹೊಡೆದಿದ್ದ. ಆಗಸ್ಟ್ 12ರ ಶನಿವಾರ ರಾತ್ರಿ ಸ್ಟೇಡಿಯಂ ತುಂಬಿ ತುಳುಕುತ್ತಿತ್ತು. 5-0 ಎಲ್ಲರ ತಲೆಯಲ್ಲಿತ್ತು. ಇಲ್ಲೂ ಜನ ಗೆಲುವನ್ನು ಬಿಟ್ಟು ಅಂತರವನ್ನು ಮಾತಾಡುತ್ತಿದ್ದರು. ನನ್ನ ಎದೆ ಸಣ್ಣಗೆ ನಡುಗಿತು.

9ನೇ ನಿಮಿಷಕ್ಕೆ ಜುಗ್‌ರಾಜ್ ಸಿಂಗ್ ಪೆನಾಲ್ಟಿ ಕಾರ್ನರ್‌ನಿಂದ 1-0. 14ರಲ್ಲಿ ಮಲೇಷ್ಯಾ ಸಮ ಮಾಡಿತು. 18ರಲ್ಲಿ ರಾಜಿ ರಹೀಮ್. 28ರಲ್ಲಿ ಇನ್ನೊಂದು. ಅರ್ಧ ಪಂದ್ಯಕ್ಕೆ 1-3. ಎರಡನೇ ಕ್ವಾರ್ಟರ್‌ನ ನನ್ನ ಪುಟದಲ್ಲಿ ಎಡಗಡೆ ಗೀಟುಗಳಿಗೇನೂ ಕೊರತೆ ಇರಲಿಲ್ಲ. ಕೆಳಗೆ ಚುಕ್ಕೆಗಳು ಇರುವೆ ಸಾಲಿನ ಹಾಗೆ ಬಿದ್ದಿದ್ದವು. ನನ್ನ ಪಕ್ಕದಲ್ಲಿದ್ದ ಅಜ್ಜ ಒಬ್ಬರು ಕೈ ಕಟ್ಟಿಕೊಂಡು, ಏನೂ ಮಾತಾಡದೆ, ಖಾಲಿ ಟರ್ಫನ್ನೇ ನೋಡುತ್ತಾ ಕೂತಿದ್ದರು.

ಮೂರನೇ ಕ್ವಾರ್ಟರ್‌ನಲ್ಲಿ ಬದಲಾದದ್ದು ನನಗೆ ಕಂಡ ಹಾಗೆ ಹೇಳುತ್ತೇನೆ. ನಮ್ಮವರು ಅವಸರ ಮಾಡಲಿಲ್ಲ. ಎರಡು ಗೋಲು ಹಿಂದಿದ್ದರೂ ಚೆಂಡನ್ನು ಹಿಂದಕ್ಕೆ ಕೊಟ್ಟು ಮತ್ತೆ ಕಟ್ಟಿಕೊಂಡು ಬಂದರು. ಚೆಂಡು ಹೋದ ಕೂಡಲೇ ಹತ್ತಿರದ ಇಬ್ಬರು ಅಲ್ಲಲ್ಲೇ ಮುತ್ತಿಕೊಂಡರು. ಹಿಂದಿನವರು ಓಡಿ ಬಂದು ಒಬ್ಬರ ಪಕ್ಕ ಒಬ್ಬರು ನಿಂತರು. ಚುಕ್ಕೆ ಹಾಕಲು ಪೆನ್ ಎತ್ತುತ್ತಿದ್ದೆ, ಅಷ್ಟರಲ್ಲಿ ಚೆಂಡು ವಾಪಸ್ ನಮ್ಮ ಕೈಗೆ. ಸ್ಟ್ಯಾಂಡಿನಲ್ಲೂ ಒಂದು ವಿಚಿತ್ರ ಆಯಿತು. ಚೆಂಡು ಹಿಂದೆ ಹೋದಾಗ ಯಾರೂ ನಿಟ್ಟುಸಿರು ಬಿಡಲಿಲ್ಲ. ಸೋಲುವ ಭಯದಲ್ಲಿದ್ದ ಜನ ತಾಳ್ಮೆಯಿಂದ ನೋಡಿದರು. ಗೆಲ್ಲುವ ನಂಬಿಕೆಯಲ್ಲಿದ್ದಾಗ ನಮಗೆ ಆ ತಾಳ್ಮೆ ಇರಲಿಲ್ಲ.

ಆಮೇಲೆ 45ನೇ ನಿಮಿಷ. ಪೆನಾಲ್ಟಿ ಸ್ಟ್ರೋಕ್, ಗೋಲ್‌ಕೀಪರ್ ಒಬ್ಬನೇ ಎದುರಿಗಿರುವ ಹೊಡೆತ. ಏಳು ತಿಂಗಳ ಹಿಂದೆ ರೂರ್‌ಕೆಲಾದಲ್ಲಿ ಸ್ಪೇನ್ ಎದುರು ಹರ್ಮನ್‌ಪ್ರೀತ್‌ನ ಸ್ಟ್ರೋಕ್ ಹೋಗಿರಲಿಲ್ಲ. ಈ ಸಲ ಹೋಯಿತು. 2-3. ಜನ ಕೂತುಕೊಳ್ಳುವ ಮೊದಲೇ, ಅದೇ ನಿಮಿಷದಲ್ಲಿ, ಗುರ್‌ಜಂತ್ ಸಿಂಗ್. 3-3. ಆ ಅಜ್ಜ ನನ್ನ ಎರಡೂ ಕೈ ಹಿಡಿದುಕೊಂಡು ಅಲ್ಲಾಡಿಸಿದರು. ನೋಟ್‌ಬುಕ್ ಕೆಳಗೆ ಬಿತ್ತು. ಅವರು ತಮಿಳಿನಲ್ಲಿ, ನಾನು ಕನ್ನಡದಲ್ಲಿ, ಇಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದೆವು ಅಂತ ನನಗೆ ಗ್ಯಾರಂಟಿ. 56ರಲ್ಲಿ ಮನ್‌ದೀಪ್ ಕೊಟ್ಟ ಚೆಂಡನ್ನು ಆಕಾಶ್‌ದೀಪ್ ಸರ್ಕಲ್‌ನ ತುದಿಯಿಂದ ಬಾರಿಸಿದ. 4-3. ಭಾರತಕ್ಕೆ ನಾಲ್ಕನೇ ಸಲ ಆ ಟ್ರೋಫಿ. ವೇಲ್ಸ್ ಎದುರು ಎರಡು ಗೋಲು ಹೊಡೆದಿದ್ದ ಅದೇ ಆಕಾಶ್‌ದೀಪ್.

ಎಗ್ಮೋರ್ ಸ್ಟೇಷನ್ ಕಡೆ ನಡೆಯುವಾಗ ಮೂವರಿಗೂ ದನಿ ಹೋಗಿತ್ತು. 'ಎರಡನೇ ಕ್ವಾರ್ಟರ್‌ನಲ್ಲಿ...' ಅಂತ ನಾನು ಬಾಯಿ ತೆಗೆದೆ. ಗೆಳೆಯ ನನ್ನ ಭುಜ ಹಿಡಿದು, 'ಇವತ್ತೊಂದು ರಾತ್ರಿ ಬಿಡೋ ಮಾರಾಯ' ಅಂದ. ಬಿಟ್ಟೆ. ಅವನು ಹೇಳಿದ್ದೇ ಸರಿ. ಎರಡು ಗೋಲು ಹಿಂದಿದ್ದು ಗೆದ್ದ ರಾತ್ರಿಯನ್ನು ಆಗಲೇ ಕೊಯ್ದು ನೋಡಬಾರದು. ಆ ಆಟಗಾರರಿಗೆ ಅದು ಸಲ್ಲಬೇಕಾದ ಖುಷಿ, ನಮಗೂ ಸಲ್ಲಬೇಕಾದದ್ದು. ಲೆಕ್ಕ ಮಾರನೆಯ ದಿನ ಮಾಡಬಹುದು. ಮಾಡದೇ ಬಿಡಬಾರದು ಅಷ್ಟೇ.

ಎರಡೂ ಗೆಲುವಿನಲ್ಲಿ ನಾವು ಹೊಡೆದದ್ದು ತಲಾ ನಾಲ್ಕು ಗೋಲು. ಪೇಪರ್ ಓದಿದವರಿಗೆ 4-2 ಒಳ್ಳೆಯ ಗೆಲುವು, 4-3 ಅದೃಷ್ಟದ ಗೆಲುವು. ನನಗೆ ಉಲ್ಟಾ. ವೇಲ್ಸ್ ಎದುರು ಮೊದಲರ್ಧದಲ್ಲಿ ಒಂದೂ ಬಿಡಲಿಲ್ಲ, ಆಮೇಲೆ ಎರಡು ಬಿಟ್ಟೆವು. ಮಲೇಷ್ಯಾ ಎದುರು ಮೊದಲರ್ಧದಲ್ಲಿ ಮೂರು ಬಿಟ್ಟೆವು, ಆಮೇಲೆ ಒಂದೂ ಬಿಡಲಿಲ್ಲ. ಒಂದು ತಂಡ ಆಟದ ಮಧ್ಯದಲ್ಲಿ ಕಳೆದುಕೊಳ್ಳುತ್ತಾ ಹೋಯಿತು. ಇನ್ನೊಂದು ಆಟದ ಮಧ್ಯದಲ್ಲಿ ಕಲಿಯುತ್ತಾ ಹೋಯಿತು.

ಆ ವರ್ಷದ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ಮೇಲೆ 5-1, ಚಿನ್ನ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಟಿಕೆಟ್. ಆಕಾಶ್‌ದೀಪ್ ಆ ತಂಡದಲ್ಲಿ ಇರಲಿಲ್ಲ. ಚೆನ್ನೈನ ರಾತ್ರಿ ಕಂಡವರಿಗೆ ಅದು ಸುಲಭವಾಗಿ ಗಂಟಲಿಗಿಳಿಯುವ ಮಾತಲ್ಲ. ಮುಂದಿನ ವರ್ಷ ಪ್ಯಾರಿಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ 17ನೇ ನಿಮಿಷಕ್ಕೇ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ ಮುಕ್ಕಾಲು ಗಂಟೆಯಷ್ಟು ಹತ್ತೇ ಜನ ಬ್ರಿಟನ್ ತಂಡವನ್ನು ತಡೆದು ನಿಂತರು. 1-1, ಆಮೇಲೆ ಶೂಟೌಟ್ 4-2. ಕೊನೆಗೆ ಸ್ಪೇನ್ ಮೇಲೆ 2-1ರಿಂದ ಗೆದ್ದು ಕಂಚು. ಆ ಹತ್ತು ಜನರ ಆಟ ನೋಡುವಾಗ ನನಗೆ ಪದೇ ಪದೇ ನೆನಪಾದದ್ದು ಚೆನ್ನೈನ ಮೂರನೇ ಕ್ವಾರ್ಟರ್.

ಚೆನ್ನೈಯಿಂದ ಬಂದ ಭಾನುವಾರ ಸಂಜೆ ದೊಡ್ಡಪ್ಪನ ಮನೆಗೆ ಹೋದೆ. ಫೈನಲ್ ಮತ್ತೆ ಟಿವಿಯಲ್ಲಿ ಓಡುತ್ತಿತ್ತು. ಅವರಿಗೆ ಎಂಬತ್ತರ ಹತ್ತಿರ, ಕೈ ಸ್ವಲ್ಪ ನಡುಗುತ್ತದೆ, ರಿಮೋಟ್ ಮಾತ್ರ ಯಾರಿಗೂ ಕೊಡುವುದಿಲ್ಲ. ನಾನು ನೋಟ್‌ಬುಕ್ ಕೊಟ್ಟೆ. ಕನ್ನಡಕ ಹಣೆಗೇರಿಸಿ ಒಂದೊಂದೇ ಪುಟ ನೋಡಿದರು. ಎರಡನೇ ಕ್ವಾರ್ಟರ್‌ನ ಚುಕ್ಕೆಗಳ ಮೇಲೆ ಬೆರಳಿಟ್ಟು ಹಾಗೇ ಸ್ವಲ್ಪ ಹೊತ್ತು ಕೂತರು.

'45ನೇ ನಿಮಿಷದಲ್ಲಿ ಎದ್ದು ನಿಂತೆಯಾ?'

'ಎಲ್ಲರೂ ಎದ್ದು ನಿಂತಿದ್ರು ದೊಡ್ಡಪ್ಪ.'

'ನಾನೂ ನಿಂತೆ. ನಿನ್ನ ದೊಡ್ಡಮ್ಮ ಬೈದಳು, ಮಂಡಿ ನೋವು ಇಟ್ಕೊಂಡು ಕುಣೀತೀರಾ ಅಂತ.'

ನಕ್ಕರು. ಆಮೇಲೆ ರಿಮೋಟ್ ಎತ್ತಿಕೊಂಡು ಆಟವನ್ನು ಹಿಂದಕ್ಕೆ ಓಡಿಸಿದರು. 4-3 ಹೋಯಿತು, 3-3 ಹೋಯಿತು, ಅರ್ಧ ವಿರಾಮವೂ ಹೋಯಿತು. 13ನೇ ನಿಮಿಷಕ್ಕೆ ಬಂದು ನಿಲ್ಲಿಸಿದರು. ಮಲೇಷ್ಯಾದ ಮೊದಲ ಗೋಲಿಗೆ ಸ್ವಲ್ಪ ಮೊದಲು. ನಮ್ಮ ನೀಲಿ ಬಟ್ಟೆಯವರು ಓಡುತ್ತಿದ್ದ ಭಂಗಿಯಲ್ಲೇ ತೆರೆಯ ಮೇಲೆ ನಿಂತರು.

'ಹತ್ತಿರ ಬಾ' ಅಂದರು. 'ಚೆಂಡು ಬಿಡು. ಅದರ ಹಿಂದೆ ನಮ್ಮವರು ಎಷ್ಟು ಜನ ಇದಾರೆ, ಎಣಿಸು.'

ನಾನು ಟಿವಿ ಮುಂದೆ ಮಂಡಿಯೂರಿ ಕೂತು ಎಣಿಸತೊಡಗಿದೆ.